ಪಕ್ಕದ ಸೀಟಿನಲ್ಲಿ ಕೂತವನು ಬರೆದ ಚರಿತ್ರೆ

ಭಾಗ 1: ಫೋಟೋದಲ್ಲಿ ಇಬ್ಬರಿದ್ದಾರೆ

ಕಾರಿನ ಹುಚ್ಚು ಇರುವವರಿಗೆ ಈ ಫೋಟೋ ಒಂದಲ್ಲ ಒಂದು ಸಲ ಕಣ್ಣಿಗೆ ಬಿದ್ದೇ ಇರುತ್ತೆ. ಬೆಳ್ಳಿ ಬಣ್ಣದ, ಮೇಲೆ ಛಾವಣಿ ಇಲ್ಲದ ಮರ್ಸಿಡಿಸ್. ಮೈಮೇಲೆ ದಪ್ಪ ಕೆಂಪು ಅಂಕಿ, 722. ಜಾಗ ಇಟಲಿಯ ಬ್ರೆಶಾ ಊರು, ದಿನ 1955ರ ಮೇ 1. ಸ್ಟೀರಿಂಗ್ ಹಿಡಿದು ಕೂತವನು ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್, ಆಗ ಅವನಿಗೆ ಬರೀ 25 ವರ್ಷ. ಅವನ ಹೆಸರು ಎಲ್ಲರಿಗೂ ಗೊತ್ತು.

ಈಗ ಸ್ವಲ್ಪ ಪಕ್ಕಕ್ಕೆ ನೋಡಿ. ಗಿಡ್ಡ ಆಳು, ಮುಖ ತುಂಬ ಗಡ್ಡ, ಕಣ್ಣಿಗೆ ಕನ್ನಡಕ. ಇವನು ರೇಸ್ ಡ್ರೈವರ್ ಅಲ್ಲ, ಮೆಕ್ಯಾನಿಕ್ ಕೂಡ ಅಲ್ಲ. ಪತ್ರಿಕೆಯ ವರದಿಗಾರ. ಹೆಸರು ಡೆನಿಸ್ ಜೆಂಕಿನ್ಸನ್, ಗೆಳೆಯರ ಬಾಯಲ್ಲಿ ಜೆಂಕ್ಸ್. ಓದುಗರಿಗೆ ಮಾತ್ರ ಆತ ಮೂರೇ ಅಕ್ಷರ: ಡಿ.ಎಸ್.ಜೆ.

ಬೇರೆಯವರ ರೇಸುಗಳನ್ನ ನೋಡಿ ಬರೆಯೋದೇ ಅವನ ಕೆಲಸ. ಆದರೆ ಆ ದಿನ ಮಾತ್ರ ಅವನು ರಸ್ತೆ ಬದಿಯಲ್ಲಿ ನಿಂತಿರಲಿಲ್ಲ, ಕಾರಿನ ಒಳಗೇ ಇದ್ದ. ಹಾಗಾಗಿ ಮುಂದಿನ ತಿಂಗಳು ಬರೆಯುವಾಗ ‘ಅವರು ಗೆದ್ದರು’ ಅಂತ ಬರೆದು ಕೈ ತೊಳೆದುಕೊಳ್ಳುವ ಹಾಗಿರಲಿಲ್ಲ. ‘ನಾನು’ ಅಂತ ಬರೀಲೇಬೇಕಿತ್ತು.

ಈ ಸರಣಿ ಆ ‘ನಾನು’ ಬಗ್ಗೆ. ಕಾರಿನ ಬಗ್ಗೆ ಬರೆಯುವವರು ತಮ್ಮ ಬಗ್ಗೆ ಬರೆಯೋಕೆ ಹೇಗೆ ಶುರು ಮಾಡಿದ್ರು, ಅದು ಯಾಕೆ ಬರೀ ಜಂಬ ಅಲ್ಲ, ಯಾಕೆ ಅದನ್ನ ಚರಿತ್ರೆ ಅನ್ನಬೇಕು ಅನ್ನೋದು ವಿಷಯ. ನಿಧಾನವಾಗಿ ಓದಿ, ಅವಸರ ಇಲ್ಲ.

ಭಾಗ 2: ಹೆಸರಿಲ್ಲದ ಸಂಪಾದಕ

ಕಥೆ ಮಾಸ್‌ನಿಂದಲ್ಲ, ಒಂದು ಪತ್ರಿಕೆಯಿಂದ ಶುರುವಾಗುತ್ತೆ.

ಇಂಗ್ಲೆಂಡಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಅಂತ ಒಂದು ಜಾಗ. 1907ರಲ್ಲಿ ಅಲ್ಲಿ ಕಾಂಕ್ರೀಟಿನ ರೇಸ್ ಟ್ರ್ಯಾಕ್ ಕಟ್ಟಿದ್ರು. ಮೋಟಾರು ಕಾರುಗಳಿಗಾಗಿಯೇ ಕಟ್ಟಿದ ಜಗತ್ತಿನ ಮೊದಲ ಟ್ರ್ಯಾಕ್ ಅದು. 1924ರಲ್ಲಿ ಆ ಟ್ರ್ಯಾಕಿನ ಹೆಸರಲ್ಲೇ ‘ಬ್ರೂಕ್‌ಲ್ಯಾಂಡ್ಸ್ ಗೆಜೆಟ್’ ಅನ್ನೋ ಪತ್ರಿಕೆ ಹೊರಟಿತು. ಮರುವರ್ಷವೇ ಹೆಸರು ಬದಲಾಗಿ ‘ಮೋಟರ್ ಸ್ಪೋರ್ಟ್’ ಆಯ್ತು. ಇವತ್ತಿಗೂ ಅದು ನಡೀತಾ ಇದೆ.

1936ರಲ್ಲಿ ಈ ಪತ್ರಿಕೆಯ ಜವಾಬ್ದಾರಿ ಬಿಲ್ ಬಾಡಿ ಅನ್ನೋ ಹುಡುಗನ ಕೈಗೆ ಬಂತು. ಹುಡುಗ ಅಂತ ಸುಮ್ಮನೆ ಹೇಳ್ತಿಲ್ಲ. ಅವನು ಹುಟ್ಟಿದ್ದು 1913ರಲ್ಲಿ, ಅಂದರೆ ಆಗಿನ್ನೂ 23ರ ಆಸುಪಾಸು. ಆ ಕುರ್ಚಿಯಲ್ಲಿ ಕೂತವನು ಎದ್ದದ್ದು 1991ರಲ್ಲಿ. ಐವತ್ತೈದು ವರ್ಷ! ಅಷ್ಟು ಕಾಲ ಬರೆದರೂ ಲೇಖನದ ಕೊನೆಯಲ್ಲಿ ಅವನು ಹಾಕ್ತಿದ್ದದ್ದು ಎರಡೇ ಅಕ್ಷರ: ಡಬ್ಲ್ಯು.ಬಿ.

ಈ ಇನಿಷಿಯಲ್ ಪದ್ಧತಿಯನ್ನ ಸ್ವಲ್ಪ ಗಮನಿಸಿ. ಮುಖ್ಯ ಆಗಿದ್ದದ್ದು ಕಾರು, ರೇಸು, ಯಂತ್ರ. ಬರೆದವನು ಯಾರು, ಅವನ ಮನೆಯಲ್ಲಿ ಯಾವ ಕಾರಿದೆ, ಅದು ಎಷ್ಟು ಸಲ ಕೈಕೊಟ್ಟಿದೆ ಅನ್ನೋದು ಓದುಗನಿಗೆ ಯಾಕೆ? ತನ್ನ ಬಗ್ಗೆ ತಾನೇ ಬರ್ಕೊಳ್ಳೋದು ಮರ್ಯಾದಸ್ಥರ ಲಕ್ಷಣ ಅಲ್ಲ ಅನ್ನೋ ಸಂಕೋಚ ನಮ್ಮಲ್ಲೂ ಇದೆ ಅಲ್ವಾ? ‘ನನ್ನ ಪುರಾಣ ಯಾರಿಗೆ ಬೇಕು ಬಿಡಿ’ ಅಂತೀವಲ್ಲ, ಅದೇ.

ಆ ಸಂಕೋಚ ಒಡೆದದ್ದು ಯಾರದೋ ಧೈರ್ಯದಿಂದ ಅಲ್ಲ. ಪೆಟ್ರೋಲ್ ಖಾಲಿಯಾದದ್ದರಿಂದ.

ಭಾಗ 3: ಕಾರು ನಿಂತಾಗ ಪೆನ್ನು ಓಡಿತು

1939ರ ಆಗಸ್ಟ್ 7. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕೊನೆಯ ರೇಸ್ ಕೂಟ ನಡೆಯಿತು. ಅದು ಕೊನೆಯದು ಅಂತ ಅಲ್ಲಿ ನೆರೆದವರಿಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳೇ ಎರಡನೇ ಮಹಾಯುದ್ಧ. ಟ್ರ್ಯಾಕಿನ ಜಾಗವೆಲ್ಲ ವಿಮಾನ ಕಟ್ಟೋಕೆ ಹೋಯ್ತು. ಅಲ್ಲಿ ಮತ್ತೆ ರೇಸ್ ನಡೆಯಲೇ ಇಲ್ಲ.

ಅದೇ ಸೆಪ್ಟೆಂಬರಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಮೊದಲು ಖಾಸಗಿ ಕಾರಿಗೂ ತಿಂಗಳಿಗೆ ಇಷ್ಟು ಅಂತ ಕೂಪನ್ ಇತ್ತು. 1942ರ ಜುಲೈಗೆ ಅದನ್ನೂ ನಿಲ್ಲಿಸಿದ್ರು. ಅಗತ್ಯ ಕೆಲಸದವರಿಗೆ ಮಾತ್ರ ಪೆಟ್ರೋಲ್. ಸುಮ್ಮನೆ ಒಂದು ರೌಂಡ್ ಹೋಗಿ ಬರೋದು ಅನ್ನೋದೇ ಮುಗೀತು. ಮೂರು ವರ್ಷ ಹಾಗೇ. ಕಾರುಗಳು ಇಟ್ಟಿಗೆ, ಮರದ ತುಂಡುಗಳ ಮೇಲೆ ಗ್ಯಾರೇಜಿನಲ್ಲಿ ಕೂತವು.

ನಮ್ಮ ಮೈಸೂರು ಸೀಮೆಯನ್ನೂ ಆ ಯುದ್ಧ ಬಿಡಲಿಲ್ಲ. ಪೆಟ್ರೋಲ್ ಸಿಗದೆ ಇಲ್ಲಿ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸ್ತಿದ್ರು. ಹೊರಡುವ ಮೊದಲು ಕೈಯಿಂದ ಫ್ಯಾನ್ ತಿರುಗಿಸಿ ಕೆಂಡ ಮಾಡಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ‘ಇದ್ದಿಲು ಬಸ್ಸು’ ಅಂದಿದ್ರೆ, ಅದು ಇದೇ.

ಈಗ ಬಾಡಿಯ ಕಷ್ಟ ನೋಡಿ. ರೇಸ್ ಇಲ್ಲ. ಹೊಸ ಕಾರಿಲ್ಲ, ಕಾರ್ಖಾನೆಗಳೆಲ್ಲ ಯುದ್ಧ ಸಾಮಗ್ರಿ ಮಾಡ್ತಿವೆ. ಓಡಿಸೋಕೆ ಪೆಟ್ರೋಲಿಲ್ಲ. ಕಾಗದಕ್ಕೂ ರೇಷನ್. ಪ್ರತಿ ತಿಂಗಳು ಕಾರು ರೇಸಿನ ಪತ್ರಿಕೆ ತರಬೇಕು. ಒಳಗೆ ಏನು ಹಾಕೋದು?

ಓದುಗರನ್ನೇ ಬರೆಯಿರಿ ಅಂದ. ‘ನಾನು ಇಟ್ಟುಕೊಂಡಿದ್ದ ಕಾರುಗಳು’ ಅನ್ನೋ ಅರ್ಥದ ಶೀರ್ಷಿಕೆಯಲ್ಲಿ ಒಂದು ಸರಣಿ ನಡೀತು. ಬರೆದವರಲ್ಲಿ ಹೆಚ್ಚಿನವರು ಬರಹಗಾರರಲ್ಲ. ಸೈನ್ಯದಲ್ಲಿದ್ದವರು, ಎಂಜಿನಿಯರುಗಳು, ಊರಿನಿಂದ ದೂರ ಯಾವುದೋ ಕ್ಯಾಂಪಿನಲ್ಲಿದ್ದವರು. ಅವರು ಬರೆದದ್ದೂ ದೊಡ್ಡ ದೊಡ್ಡ ಕಾರುಗಳ ಬಗ್ಗೆ ಮಾತ್ರ ಅಲ್ಲ. ಕೆಲವೇ ಪೌಂಡಿಗೆ ಕೊಂಡ ಹಳೇ ಗಾಡಿ, ದಾರಿಯಲ್ಲಿ ಮುರಿದ ಆಕ್ಸಲ್, ಮಾರಿ ಆಮೇಲೆ ಹೊಟ್ಟೆ ಉರಿಸಿಕೊಂಡದ್ದು, ಇಂಥವೇ.

ಬಾಡಿಗೂ ಸಣ್ಣ ಕಾರೆಂದರೆ ಪ್ರೀತಿ. 747 ಸಿ.ಸಿ. ಎಂಜಿನ್ನಿನ ಪುಟಾಣಿ ಆಸ್ಟಿನ್ 7 ಇಟ್ಟುಕೊಂಡವರಿಗಾಗಿ 1939ರಲ್ಲಿ ‘750 ಕ್ಲಬ್’ ಶುರು ಮಾಡಿದವನೇ ಅವನು. ಹಾಗಾಗಿ ಬಡವರ ಕಾರಿನ ಕಥೆಗೂ ಪತ್ರಿಕೆಯಲ್ಲಿ ಜಾಗ ಸಿಕ್ಕಿತು.

ಇವತ್ತು ಹಳೇ ಕಾರುಗಳ ಚರಿತ್ರೆ ಹುಡುಕುವವರಿಗೆ ಇಂಥ ಬರಹ ಚಿನ್ನ. ಕಂಪನಿಯ ದಾಖಲೆ ‘ಈ ಮಾಡೆಲ್ ಇಷ್ಟು ಬೆಲೆ, ಇಷ್ಟು ವೇಗ’ ಅಂತ ಹೇಳುತ್ತೆ. ಅದೇ ಗಾಡಿ ಹತ್ತು ವರ್ಷ ಆದಮೇಲೆ ಮೂರನೇ ಮಾಲೀಕನ ಹತ್ತಿರ ಹೇಗೆ ನಡ್ಕೊಂಡಿತು ಅನ್ನೋದನ್ನ ಅವನೇ ಹೇಳಬೇಕು.

ಭಾಗ 4: ಜೆಂಕ್ಸ್ ಬಂದದ್ದು ಎಲ್ಲಿಂದ

ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಊರಿನ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದಲ್ಲಿ ಒಬ್ಬ ಯುವಕ ಕೆಲಸ ಮಾಡ್ತಿದ್ದ. 1920ರಲ್ಲಿ ಹುಟ್ಟಿದವನು. ಕೊಲ್ಲೋದಕ್ಕೆ ತನ್ನ ಮನಸ್ಸಾಕ್ಷಿ ಒಪ್ಪಲ್ಲ ಅಂತ ಬಂದೂಕು ಹಿಡಿಯಲು ನಿರಾಕರಿಸಿದವನು. ಅವನೇ ಡೆನಿಸ್ ಜೆಂಕಿನ್ಸನ್. ಅಲ್ಲಿಯೇ ಅವನಿಗೆ ಬಾಡಿಯ ಪರಿಚಯ ಆಯ್ತು. ಕಾರಿನ ಹುಚ್ಚು ಇಬ್ಬರಿಗೂ ಒಂದೇ ಸಮ.

ಯುದ್ಧ ಮುಗೀತು. ಜೆಂಕ್ಸ್‌ಗೆ ರೇಸ್ ಬೇಕು, ಜೇಬಿನಲ್ಲಿ ದುಡ್ಡಿಲ್ಲ. ಅವನು ಹುಡುಕಿಕೊಂಡ ದಾರಿ ವಿಚಿತ್ರ. ಮೋಟಾರ್ ಸೈಕಲ್ಲಿನ ಸೈಡ್‌ಕಾರ್ ರೇಸಿನಲ್ಲಿ ಪಕ್ಕದ ಸವಾರನಾದ.

ಸೈಡ್‌ಕಾರ್ ಅಂದರೆ ಶೋಲೆ ಸಿನಿಮಾದ ಜೈ, ವೀರು ಗಾಡಿ ಕಣ್ಣ ಮುಂದೆ ಬರುತ್ತೆ ಅಲ್ವಾ? ರೇಸಿನ ಸೈಡ್‌ಕಾರಿನಲ್ಲಿ ಹಾಗೆ ಹಾಡು ಹೇಳ್ಕೊಂಡು ಆರಾಮಾಗಿ ಕೂರೋ ಹಾಗಿಲ್ಲ. ಗಾಡಿ ಒಂದು ಕಡೆ ತಿರುಗುವಾಗ ಪಕ್ಕದವನು ಮೈಯನ್ನ ಹೊರಗೆ ಚಾಚಿ, ರಸ್ತೆಗೆ ತಾಗುವಷ್ಟು ಬಾಗಿ ಭಾರ ಹಾಕಬೇಕು. ಇನ್ನೊಂದು ಕಡೆ ತಿರುಗಿದರೆ ಓಡಿಸುವವನ ಬೆನ್ನ ಹಿಂದೆ ಹಾರಬೇಕು. ಒಂದು ಕ್ಷಣ ತಡವಾದರೆ ಇಬ್ಬರೂ ನೆಲಕ್ಕೆ. ಹ್ಯಾಂಡಲ್ ನಿನ್ನ ಕೈಯಲ್ಲಿಲ್ಲ, ಬ್ರೇಕ್ ನಿನ್ನ ಕಾಲ ಕೆಳಗಿಲ್ಲ, ಜೀವ ಮಾತ್ರ ನಿನ್ನದು.

1949ರಲ್ಲಿ ಸೈಡ್‌ಕಾರ್ ರೇಸಿಗೆ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್ ನಡೀತು. ಗೆದ್ದವನು ಎರಿಕ್ ಆಲಿವರ್. ಅವನ ಪಕ್ಕದಲ್ಲಿದ್ದವನು ಜೆಂಕ್ಸ್.

ಆಮೇಲೆ ಜೆಂಕ್ಸ್ ‘ಮೋಟರ್ ಸ್ಪೋರ್ಟ್’ಗೆ ಯುರೋಪಿನ ವರದಿಗಾರನಾದ. ಒಂದು ಪುಟ್ಟ ಪೋರ್ಷೆ 356 ಹತ್ತಿಕೊಂಡು ದೇಶದಿಂದ ದೇಶಕ್ಕೆ ಓಡಾಡಿ ರೇಸುಗಳ ವರದಿ ಕಳಿಸ್ತಿದ್ದ. ಕೆಳಗೆ ಅದೇ ಸಹಿ, ಡಿ.ಎಸ್.ಜೆ. ಬೇರೊಬ್ಬನ ಕೈಯಲ್ಲಿ ಗಾಡಿ ಕೊಟ್ಟು, ಅವನನ್ನ ನಂಬಿ ಪಕ್ಕದಲ್ಲಿ ಕೂರೋದು ಹೇಗೆ ಅಂತ ಗೊತ್ತಿದ್ದ ಪತ್ರಕರ್ತ ಬಹುಶಃ ಇವನೊಬ್ಬನೇ ಇರಬೇಕು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 5: ಐದು ಮೀಟರ್ ಕಾಗದ

ಇಟಲಿಯಲ್ಲಿ 1927ರಿಂದ ಮಿಲ್ಲೆ ಮಿಲಿಯಾ ಅನ್ನೋ ರೇಸ್ ನಡೀತಿತ್ತು. ಹೆಸರಿನ ಅರ್ಥ ಸಾವಿರ ಮೈಲಿ. ಇದಕ್ಕೆ ಟ್ರ್ಯಾಕ್ ಇಲ್ಲ. ಜನ ದಿನಾ ಓಡಾಡುವ ರಸ್ತೆಯೇ ಟ್ರ್ಯಾಕ್. ಬ್ರೆಶಾದಿಂದ ಹೊರಟು, ಪೂರ್ವದ ಕಡಲ ತೀರ ಹಿಡಿದು, ರೋಮ್ ಮುಟ್ಟಿ, ಬೆಟ್ಟ ಹತ್ತಿ ಇಳಿದು ಮತ್ತೆ ಬ್ರೆಶಾ. 1955ರಲ್ಲಿ ಒಟ್ಟು ದೂರ 1,597 ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಹೋಗಿ ವಾಪಸ್ ಬಂದರೂ ಇಷ್ಟಾಗಲ್ಲ.

ಇಂಥ ರಸ್ತೆಯನ್ನ ಯಾರು ಬಾಯಿಪಾಠ ಮಾಡ್ತಾರೆ? ಇಟಲಿಯ ಡ್ರೈವರುಗಳು ಮಾಡ್ತಿದ್ರು, ಅದು ಅವರ ಊರು. ಹೊರಗಿನವರಿಗೆ ಪ್ರತಿ ತಿರುವೂ ಜೂಜು. ತಿರುವಿನ ಆಚೆ ರಸ್ತೆ ನೇರ ಇದೆಯೋ, ಸೇತುವೆ ಇದೆಯೋ, ಗೋಡೆ ಇದೆಯೋ?

ಜಾನ್ ಫಿಚ್ ಅನ್ನೋ ಅಮೆರಿಕದ ಡ್ರೈವರ್‌ಗೆ ಒಂದು ಉಪಾಯ ಇತ್ತು. ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದ್ದವನು ಆತ. ರಸ್ತೆಯನ್ನ ಮೊದಲೇ ಬರೆದಿಟ್ಟುಕೊಂಡು ಪಕ್ಕದವನು ಹೇಳ್ತಾ ಹೋದರೆ ಹೇಗೆ? ಜೆಂಕ್ಸ್ ಜೊತೆ ಇದನ್ನ ಮಾತಾಡಿದ್ದ, ಇಬ್ಬರೂ ಒಟ್ಟಿಗೆ ಹೋಗೋದು ಅಂತಲೂ ಇತ್ತು. ಅಷ್ಟರಲ್ಲಿ ಮರ್ಸಿಡಿಸ್ ತಂಡಕ್ಕೆ ಸೇರಿದ್ದ ಮಾಸ್‌ನಿಂದ ಜೆಂಕ್ಸ್‌ಗೆ ಕರೆ ಬಂತು. ಗೆಲ್ಲುವ ಕಾರಿದ್ದದ್ದು ಮಾಸ್ ಹತ್ತಿರ. ಫಿಚ್ ಅಡ್ಡ ಬರಲಿಲ್ಲ, ಹೋಗು ಅಂದ. ಈ ಮನುಷ್ಯನ ಹೆಸರನ್ನೂ ಮರೀಬೇಡಿ.

ರೇಸಿಗೆ ತಿಂಗಳುಗಳ ಮೊದಲೇ ಮಾಸ್ ಮತ್ತು ಜೆಂಕ್ಸ್ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿದ್ರು. ಯಾವ ತಿರುವು ಮೋಸ, ಯಾವ ಉಬ್ಬನ್ನ ಕಣ್ಣು ಮುಚ್ಚಿ ಪೂರ್ತಿ ವೇಗದಲ್ಲಿ ದಾಟಬಹುದು, ಎಲ್ಲಿ ರೈಲ್ವೆ ಗೇಟು, ಎಲ್ಲಿ ರಸ್ತೆ ಜಾರುತ್ತೆ ಅಂತ ಜೆಂಕ್ಸ್ ಎಲ್ಲವನ್ನೂ ಗುರುತು ಹಾಕಿಕೊಂಡ. ಕಿಲೋಮೀಟರ್ ಕಲ್ಲುಗಳೇ ಅವನ ಲೆಕ್ಕದ ಆಧಾರ.

ಎಲ್ಲ ಸೇರಿಸಿ ಬರೆದಾಗ ಸುಮಾರು 5 ಮೀಟರ್ ಉದ್ದದ ಒಂದೇ ಪಟ್ಟಿ ಆಯ್ತು. ಬಿಡಿ ಹಾಳೆಯಾದರೆ ಗಾಳಿಗೆ ಹಾರಿ ಹೋಗುತ್ತೆ. ಅದಕ್ಕೆ ಅಲ್ಯೂಮಿನಿಯಂ ಡಬ್ಬಿ ಮಾಡಿಸಿ, ಒಳಗೆ ಎರಡು ರೋಲರ್ ಇಟ್ಟು, ಮೇಲೆ ಪಾರದರ್ಶಕ ಕಿಟಕಿ ಹಾಕಿದ್ರು. ಜಾತ್ರೆಯಲ್ಲಿ ಡಬ್ಬಿಯೊಳಗೆ ಚಿತ್ರದ ಸುರುಳಿ ತಿರುಗಿಸಿ ತೋರಿಸ್ತಿದ್ರಲ್ಲ, ಹೆಚ್ಚು ಕಡಿಮೆ ಹಾಗೇ.

ಭಾಗ 6: ಕೇಳಿಸದ ಮಾತು, ಕಾಣುವ ಕೈ

ಕಾಗದ ತಯಾರಾಯ್ತು. ಆದರೆ ಅದರಲ್ಲಿರೋದನ್ನ ಮಾಸ್‌ಗೆ ಹೇಳೋದು ಹೇಗೆ? ಮೇಲೆ ಛಾವಣಿ ಇಲ್ಲ, ಎಂಟು ಸಿಲಿಂಡರಿನ ಎಂಜಿನ್ ಅಬ್ಬರ, ಗಾಳಿಯ ಹೊಡೆತ. ಕಿರುಚಿದರೂ ಕೇಳಲ್ಲ.

ಇಂಟರ್‌ಕಾಮ್ ಹಾಕಿ ನೋಡಿದ್ರು. ಯಂತ್ರ ಕೆಲಸ ಮಾಡಿತು, ಮನುಷ್ಯ ಮಾಡಲಿಲ್ಲ. ಮಾಸ್ ಪೂರ್ತಿ ಗಮನ ಇಟ್ಟು ಕಾರನ್ನ ಅದರ ಮಿತಿಯವರೆಗೆ ಓಡಿಸುವಾಗ ಕಿವಿಗೆ ಬಿದ್ದ ಮಾತು ತಲೆಗೆ ಹೋಗ್ತಿರಲಿಲ್ಲ. ನೀವು ಪರೀಕ್ಷೆಗೆ ಓದೋವಾಗ ಅಮ್ಮ ಅಡುಗೆಮನೆಯಿಂದ ಕರೆದದ್ದು ಕೇಳಿಸಲ್ಲ ನೋಡಿ, ಹಾಗೆ. ಕಣ್ಣ ಅಂಚಿನಲ್ಲಿ ಕಾಣುವ ಕೈ ಮಾತ್ರ ತಲೆಗೆ ಹೋಗ್ತಿತ್ತು.

ಅದಕ್ಕೆ ಹದಿನೈದು ಕೈಸನ್ನೆಗಳ ಒಂದು ಭಾಷೆ ಮಾಡಿಕೊಂಡರು. ಮುಂದೇನಿದೆ, ಎಷ್ಟು ಅಪಾಯ, ಎಷ್ಟು ವೇಗದಲ್ಲಿ ನುಗ್ಗಬಹುದು ಅನ್ನೋದೆಲ್ಲ ಅದರಲ್ಲೇ.

ಈ ನಂಬಿಕೆಯ ಲೆಕ್ಕ ಸ್ವಲ್ಪ ಯೋಚಿಸಿ. ಮುಂದೆ ಒಂದು ಉಬ್ಬು ಬರುತ್ತೆ, ಆಚೆಗೆ ಏನೂ ಕಾಣಲ್ಲ, ಕಾರು ಗಂಟೆಗೆ 250 ಕಿ.ಮೀ. ದಾಟಿದೆ. ಕಾಲು ತಾನಾಗೇ ಬ್ರೇಕಿಗೆ ಹೋಗಬೇಕು. ಪಕ್ಕದವನ ಕೈ ‘ಹೋಗು’ ಅಂತ ಹೇಳುತ್ತೆ. ಮಾಸ್ ಕಾಲು ತೆಗೆಯಲ್ಲ. ಕೈ ತಪ್ಪಿದ್ರೆ ಇಬ್ಬರೂ ಇಲ್ಲ. ಸೀಟ್ ಬೆಲ್ಟ್ ಕೂಡ ಇಲ್ಲದ ಕಾಲ ಅದು.

ಓಡಿಸುವವನು ಬರೆಯುವವನನ್ನ ಇಷ್ಟು ನಂಬಿದ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಸಾಮಾನ್ಯವಾಗಿ ವರದಿಗಾರ ತಪ್ಪು ಬರೆದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕ್ತಾರೆ. ಇಲ್ಲಿ ಅವನು ಒಂದು ಸಾಲು ತಪ್ಪು ಬರೆದಿದ್ದರೆ ಮುಂದಿನ ಸಂಚಿಕೆಗೆ ಅವನೇ ಇರ್ತಿರಲಿಲ್ಲ.

ಭಾಗ 7: 7 ಗಂಟೆ 22 ನಿಮಿಷ

722 ಅನ್ನೋ ಅಂಕಿ ಎಲ್ಲಿಂದ ಬಂತು ಗೊತ್ತಾ? ಅದು ಹೊರಡುವ ಸಮಯ. ಮಿಲ್ಲೆ ಮಿಲಿಯಾದಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡಲ್ಲ. ಹಿಂದಿನ ರಾತ್ರಿಯೇ ಸಣ್ಣ ಕಾರುಗಳು ಒಂದೊಂದಾಗಿ ಹೊರಡ್ತವೆ, ಬೆಳಿಗ್ಗೆ ದೊಡ್ಡವು. 500ಕ್ಕೂ ಹೆಚ್ಚು ಕಾರು. 722 ಅಂದರೆ ಬೆಳಿಗ್ಗೆ 7.22ಕ್ಕೆ ಹೊರಟ ಕಾರು.

ಮರ್ಸಿಡಿಸ್ ನಾಲ್ಕು 300 ಎಸ್‌ಎಲ್‌ಆರ್ ಕಾರುಗಳನ್ನ ಇಳಿಸಿತ್ತು. ಅದರಲ್ಲೊಂದನ್ನ ಓಡಿಸ್ತಿದ್ದವನು ಫಾಂಜಿಯೋ. ಆ ಕಾಲದ ದೊಡ್ಡ ಹುಲಿ. ಅವನು ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಲಿಲ್ಲ, ಒಬ್ಬನೇ ಹೋದ.

ಪಾದುವಾ ಊರಿನಲ್ಲಿ ಮಾಸ್ ಒಂದು ತಿರುವಿಗೆ ವೇಗ ಜಾಸ್ತಿ ಇಟ್ಟು ಹುಲ್ಲಿನ ಮೂಟೆಗಳಿಗೆ ಗುದ್ದಿದ. ಅಷ್ಟರಲ್ಲಿ ಒಂದು ನಿಮಿಷ ತಡವಾಗಿ ಹೊರಟಿದ್ದ ಫೆರಾರಿಯ ಕಾಸ್ಟೆಲೊಟ್ಟಿ ಮುಂದೆ ಹೋಗಿಬಿಟ್ಟ. ಅಂದರೆ ಆಗಲೇ ಒಂದು ನಿಮಿಷ ಹಿಂದೆ ಬಿದ್ದ ಲೆಕ್ಕ. ಮಾಸ್ ಅವಸರ ಮಾಡಲಿಲ್ಲ. ಕಾಸ್ಟೆಲೊಟ್ಟಿ ಕಾರನ್ನ ಕೊಲ್ಲುವ ಹಾಗೆ ಓಡಿಸ್ತಿದ್ದ, ಮುಂದೆ ಕಾರು ಕೈಕೊಟ್ಟು ರೇಸಿನಿಂದ ಹೊರಬಿದ್ದ.

ರೋಮ್ ಮುಟ್ಟಿದಾಗ ಇವರದೇ ಮೊದಲ ಸ್ಥಾನ. ಆದರೆ ಆ ರೇಸಿನಲ್ಲಿ ಒಂದು ಮಾತಿತ್ತು, ರೋಮಿನಲ್ಲಿ ಮುಂದಿದ್ದವನು ಬ್ರೆಶಾದಲ್ಲಿ ಗೆಲ್ಲಲ್ಲ ಅಂತ. ಅರ್ಧ ದಾರಿ ಬಾಕಿ, ಅದರಲ್ಲೂ ಬೆಟ್ಟದ ರಸ್ತೆ.

ಫ್ಲಾರೆನ್ಸ್‌ನಿಂದ ಬೊಲೋನ್ಯಾಕ್ಕೆ ಹೋಗುವ ಆ ಬೆಟ್ಟದ ದಾರಿ ನಮ್ಮ ಚಾರ್ಮಾಡಿ ಘಾಟಿ ಹಾಗೆ, ಸುತ್ತಿ ಬಳಸಿ. ಕಾಗದದ ಸುರುಳಿ ಇಲ್ಲಿ ಅನ್ನ ಕೊಟ್ಟಿತು. ಬೊಲೋನ್ಯಾ ದಾಟಿದ ಮೇಲೆ ಬಯಲು. ಕೊನೆಯ ತನಕ ಬಿಟ್ಟ ಬಾಣದ ಹಾಗೆ ಓಟ.

ಬ್ರೆಶಾ ಮುಟ್ಟಿದಾಗ ಆಗಿದ್ದ ಸಮಯ 10 ಗಂಟೆ 7 ನಿಮಿಷ 48 ಸೆಕೆಂಡು. ಸರಾಸರಿ ಗಂಟೆಗೆ 157.65 ಕಿ.ಮೀ. ಊರು, ಸೇತುವೆ, ಘಾಟಿ, ಪೆಟ್ರೋಲ್ ಹಾಕಿಸಿದ್ದು ಎಲ್ಲ ಸೇರಿಸಿ ಇಷ್ಟು. ಫಾಂಜಿಯೋ ಎರಡನೆಯವನು, ಅರ್ಧ ಗಂಟೆಗೂ ಹೆಚ್ಚು ಹಿಂದೆ. ಈ ದಾಖಲೆಯನ್ನ ಮುಂದೆ ಯಾರೂ ಮುರಿಯಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ, ಅದು ಖುಷಿಯ ಕಾರಣ ಅಲ್ಲ.

ಭಾಗ 8: ಎರಡೂ ಕಡೆ ಬರೆದ ಲೆಕ್ಕ

1955ರ ಜೂನ್ ಸಂಚಿಕೆಯಲ್ಲಿ ‘ವಿತ್ ಮಾಸ್ ಇನ್ ದ ಮಿಲ್ಲೆ ಮಿಲಿಯಾ’ ಅನ್ನೋ ಲೇಖನ ಬಂತು. ಕಾರು ರೇಸಿನ ಬಗ್ಗೆ ಯಾರು ಎಲ್ಲಿ ಬರೆದರೂ ಇವತ್ತಿಗೂ ಈ ಲೇಖನದ ಮಾತು ಬಂದೇ ಬರುತ್ತೆ. ಶೀರ್ಷಿಕೆಯಲ್ಲೂ ಅವನು ತನ್ನ ಹೆಸರನ್ನ ಮುಂದೆ ಇಟ್ಟುಕೊಳ್ಳಲಿಲ್ಲ, ನೋಡಿ. ‘ಮಾಸ್ ಜೊತೆ’ ಅಷ್ಟೇ.

ನಾನು ಬಿಕಾಂ ಓದ್ತಿರೋದ್ರಿಂದ ನನಗೆ ಹೊಳೆಯೋ ಹೋಲಿಕೆ ಇದು. ನಮಗೆ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಡ್ತಾರೆ, ಪ್ರತಿ ವ್ಯವಹಾರಕ್ಕೂ ಎರಡು ಕಡೆ ಇರುತ್ತೆ, ಡೆಬಿಟ್ ಮತ್ತು ಕ್ರೆಡಿಟ್. ಒಂದೇ ಕಡೆ ಬರೆದ ಪುಸ್ತಕ ಟ್ಯಾಲಿ ಆಗಲ್ಲ. ಗೆದ್ದವರು ಬರೆಯುವ ಕಥೆಗಳು ಹೆಚ್ಚಾಗಿ ಕ್ರೆಡಿಟ್ ಕಡೆ ಮಾತ್ರ ತುಂಬಿರ್ತವೆ. ಜೆಂಕ್ಸ್ ಎರಡೂ ಕಡೆ ಬರೆದ.

ಎಂಜಿನ್ ಬಿಸಿ, ಒಂದೇ ಸಮ ಆ ಕಡೆ ಈ ಕಡೆ ಎಳೆತ. ಅವನಿಗೆ ಹೊಟ್ಟೆ ತೊಳಸಿ ಬಂತು. ಕಾರಿನಿಂದ ಹೊರಗೆ ಬಾಗಿ ವಾಂತಿ ಮಾಡಿದ. ಆ ವೇಗದ ಗಾಳಿಗೆ ಕನ್ನಡಕ ಹಾರಿ ಹೋಯ್ತು. ಓದಬೇಕಾದವನಿಗೆ ಕನ್ನಡಕವೇ ಇಲ್ಲ! ಪುಣ್ಯಕ್ಕೆ ಇನ್ನೊಂದು ಜೊತೆ ಇಟ್ಟುಕೊಂಡಿದ್ದ. ಇನ್ನೊಮ್ಮೆ ತುಂಬಿದ ಟ್ಯಾಂಕಿನಿಂದ ಪೆಟ್ರೋಲ್ ಚೆಲ್ಲಿ ಕುತ್ತಿಗೆ ಮೇಲೆ ಬಿತ್ತು, ಆ ಗಲಿಬಿಲಿಯಲ್ಲಿ ಒಂದು ಸನ್ನೆ ಕೊಡೋದು ತಪ್ಪಿಹೋಯ್ತು. ಇದನ್ನೆಲ್ಲ ಅವನು ಮುಚ್ಚಿಡಲಿಲ್ಲ.

ವಾಂತಿಯ ವಿಷಯ ಬರೆಯದಿದ್ದರೆ ಯಾರಿಗೆ ಗೊತ್ತಾಗ್ತಿತ್ತು? ಸ್ಟಾಪ್‌ವಾಚ್ ಅದನ್ನ ಹೇಳಲ್ಲ. ಪ್ರೇಕ್ಷಕರು ಕಂಡದ್ದು ಕಣ್ಣ ಮುಂದೆ ಒಂದು ಬೆಳ್ಳಿ ಗೆರೆ, ಮುಗೀತು. ಮರ್ಸಿಡಿಸ್‌ನ ಜಾಹೀರಾತಂತೂ ಬಿಡಿ. ಮಾಸ್ ಕೂಡ ರಸ್ತೆ ನೋಡ್ತಿದ್ದ. ಆ ಹತ್ತು ಗಂಟೆ ಆ ಕಾರಿನ ಒಳಗೆ ಏನಾಯ್ತು ಅಂತ ಪೂರ್ತಿ ನೋಡಿದ ಒಬ್ಬನೇ ಸಾಕ್ಷಿ ಇವನು. ಸಾಕ್ಷಿ ‘ನಾನು’ ಅನ್ನದೆ ಹೇಗೆ ಸಾಕ್ಷಿ ಹೇಳ್ತಾನೆ?

ಇಲ್ಲೇ ನೋಡಿ ವ್ಯತ್ಯಾಸ ಇರೋದು. ‘ನಾನು ಎಷ್ಟು ದೊಡ್ಡವನು’ ಅಂತ ಹೇಳೋ ‘ನಾನು’ ಬೇರೆ. ‘ಇಲ್ಲಿ ಇದ್ದವನು ನಾನು, ಕಂಡದ್ದು ಇಷ್ಟು’ ಅಂತ ಹೇಳೋ ‘ನಾನು’ ಬೇರೆ. ಮೊದಲನೆಯದಕ್ಕೆ ನಾಚಿಕೆ ಇರಬೇಕು ಸರಿ. ಎರಡನೆಯದಕ್ಕೆ ನಾಚಿದರೆ ನಷ್ಟ ಓದುಗರಿಗೆ.

ಭಾಗ 9: ಬರೆಯಲು ಉಳಿಯದವರು

ಆ ಸಂಚಿಕೆ ಓದುಗರ ಕೈಯಲ್ಲಿದ್ದ ತಿಂಗಳಲ್ಲೇ, ಜೂನ್ 11ರಂದು, ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಪಿಯರ್ ಲೆವೆಗ್ ಓಡಿಸ್ತಿದ್ದ ಇನ್ನೊಂದು 300 ಎಸ್‌ಎಲ್‌ಆರ್ ಬೇರೊಂದು ಕಾರಿಗೆ ತಗುಲಿ ಹಾರಿ, ಚೂರಾಗಿ ಜನರ ಮೇಲೆ ಬಿತ್ತು. 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಲೆವೆಗ್ ಕೂಡ ಸತ್ತ. ರೇಸಿನ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ದುರಂತ ಇಲ್ಲ. ಮರ್ಸಿಡಿಸ್ ಆ ರಾತ್ರಿಯೇ ಉಳಿದ ಕಾರುಗಳನ್ನ ವಾಪಸ್ ಕರೆಸಿಕೊಂಡಿತು, ವರ್ಷದ ಕೊನೆಗೆ ರೇಸನ್ನೇ ಬಿಟ್ಟಿತು.

ಆ ಕಾರನ್ನ ಲೆವೆಗ್ ನಂತರ ಓಡಿಸಬೇಕಾಗಿದ್ದವನು ಯಾರು ಗೊತ್ತಾ? ಜಾನ್ ಫಿಚ್. ಸುರುಳಿಯ ಉಪಾಯ ಕೊಟ್ಟು ಜೆಂಕ್ಸ್‌ನನ್ನ ಮಾಸ್‌ಗೆ ಬಿಟ್ಟುಕೊಟ್ಟವನು. ತನ್ನ ಸರದಿಗೆ ಕಾಯ್ತಿದ್ದ. ಅವನು ಆಮೇಲೆ ರಸ್ತೆ ಸುರಕ್ಷತೆಯ ಕೆಲಸಕ್ಕೆ ಇಳಿದ. ಅಮೆರಿಕದ ಹೆದ್ದಾರಿಗಳಲ್ಲಿ ರಸ್ತೆ ಕವಲೊಡೆಯುವ ಕಡೆ ಮರಳು ತುಂಬಿದ ಪ್ಲಾಸ್ಟಿಕ್ ಪೀಪಾಯಿಗಳ ಸಾಲು ಇರುತ್ತಲ್ಲ, ಕಾರು ಗುದ್ದಿದರೂ ಒಳಗಿದ್ದವರು ಬದುಕಲಿ ಅಂತ, ಅದು ಫಿಚ್ ಕಂಡುಹಿಡಿದದ್ದು. ಅವನ ಹೆಸರಲ್ಲೇ ಅದನ್ನ ‘ಫಿಚ್ ಬ್ಯಾರಿಯರ್’ ಅಂತಾರೆ.

ಎರಡು ವರ್ಷ ಕಳೀತು. 1957ರ ಮೇ 12, ಅದೇ ಮಿಲ್ಲೆ ಮಿಲಿಯಾ. ಬ್ರೆಶಾ ಇನ್ನೇನು ಹತ್ತಿರ ಇದೆ ಅನ್ನುವಾಗ ಗ್ವಿದಿಝ್ಝೋಲೋ ಅನ್ನೋ ಊರಿನ ಬಳಿ ಅಲ್ಫಾನ್ಸೊ ದೆ ಪೋರ್ತಾಗೊ ಓಡಿಸ್ತಿದ್ದ ಫೆರಾರಿಯ ಟೈರ್ ಸಿಡಿಯಿತು. ಕಾರು ರಸ್ತೆ ಬದಿಯ ಜನರ ಮೇಲೆ ನುಗ್ಗಿತು. ಒಂಬತ್ತು ಪ್ರೇಕ್ಷಕರು ಸತ್ತರು, ಅವರಲ್ಲಿ ಐವರು ಮಕ್ಕಳು. ಮಿಲ್ಲೆ ಮಿಲಿಯಾ ರೇಸ್ ಅಲ್ಲಿಗೆ ಮುಗೀತು. ಮಾಸ್, ಜೆಂಕ್ಸ್ ದಾಖಲೆ ಮುರಿಯದೆ ಉಳಿದದ್ದು ಅದಕ್ಕೇ, ಮುರಿಯೋಕೆ ರೇಸೇ ಉಳಿಯಲಿಲ್ಲ. ಈಗ ಅದೇ ಹೆಸರಲ್ಲಿ ನಡೆಯೋದು ಹಳೇ ಕಾರುಗಳ ಮೆರವಣಿಗೆ ಥರದ ಓಟ.

ಆ ಫೆರಾರಿಯಲ್ಲೂ ಪಕ್ಕದ ಸೀಟಿನಲ್ಲಿ ಒಬ್ಬನಿದ್ದ. ಎಡ್ಮಂಡ್ ನೆಲ್ಸನ್, ಪೋರ್ತಾಗೊನ ಗೆಳೆಯ. ಅವನೂ ಸತ್ತ.

ಜೆಂಕ್ಸ್ ಕೂತ ಸೀಟು, ನೆಲ್ಸನ್ ಕೂತ ಸೀಟು, ಎರಡೂ ಒಂದೇ. ಒಬ್ಬನ ಹತ್ತು ಗಂಟೆಯ ಪ್ರತಿ ತಿರುವೂ ನಮಗೆ ಗೊತ್ತು. ಇನ್ನೊಬ್ಬನ ಕೊನೆಯ ಹತ್ತು ಗಂಟೆಯ ಬಗ್ಗೆ ಹೇಳೋಕೆ ಆ ಕಾರಿನಿಂದ ಯಾರೂ ಉಳಿಯಲಿಲ್ಲ. ಜೆಂಕ್ಸ್ ಲೇಖನವನ್ನ ನಾನು ಈಗ ಓದುವಾಗ ನೆಲ್ಸನ್ ನೆನಪಾಗದೆ ಇರಲ್ಲ. ಅದು ಬರೀ ಸಾಹಸದ ಕಥೆ ಅಲ್ಲ, ಉಳಿದು ಬಂದವನ ಹೇಳಿಕೆ.

ಭಾಗ 10: ಉಳಿದದ್ದು ಏನು

ಆ ಕಾಗದದ ಸುರುಳಿಯ ವಂಶ ಇನ್ನೂ ಬೆಳೀತಾ ಇದೆ. ಇವತ್ತು ರ‍್ಯಾಲಿ ಕಾರಿನಲ್ಲಿ ಪಕ್ಕದವನು ಹಾಳೆ ನೋಡಿ ತಿರುವುಗಳನ್ನ ಒಂದೇ ಸಮ ಓದ್ತಾ ಹೋಗ್ತಾನಲ್ಲ, ಅದಕ್ಕೆ ಪೇಸ್ ನೋಟ್ಸ್ ಅಂತಾರೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಧ್ಯೆ ನಡೆಯುವ ರ‍್ಯಾಲಿಗೆ ಹೋಗಿ ನೋಡಿ. ಕೆಂಪು ಧೂಳಿನ ಮಧ್ಯೆ ಬರುವ ಕಾರಿನ ಎಡಗಡೆ, ತಲೆ ತಗ್ಗಿಸಿ ಕೂತವನ ಮಡಿಲಲ್ಲಿ ಒಂದು ಪುಸ್ತಕ ಇರುತ್ತೆ. ಜನ ಡ್ರೈವರ್ ಹೆಸರು ಕೂಗ್ತಾರೆ. ನೀವು ಆ ಪುಸ್ತಕದವನಿಗೂ ಒಂದು ಚಪ್ಪಾಳೆ ಹೊಡೀರಿ.

ಮರ್ಸಿಡಿಸ್ 2006ರಲ್ಲಿ ತಂದ ಒಂದು ವಿಶೇಷ ಕಾರಿಗೆ 722 ಅಂತಲೇ ಹೆಸರಿಟ್ಟಿತು. ಜೆಂಕ್ಸ್ 1996ರಲ್ಲಿ ತೀರಿಕೊಂಡ. ಬಾಡಿ 2011ರ ತನಕ ಇದ್ದ, 98 ವರ್ಷ. ಕೊನೆಗಾಲದಲ್ಲೂ ಅದೇ ಪತ್ರಿಕೆಗೆ ಬರೀತಿದ್ದ.

ಈಗ ನಿಮ್ಮ ಕಡೆ ಬರ್ತೀನಿ. ನಿಮ್ಮ ಮನೆಯಲ್ಲೂ ಒಂದು ಗಾಡಿಯ ಕಥೆ ಇರುತ್ತೆ. 1983ರಲ್ಲಿ ಮಾರುತಿ 800 ಬಂದಾಗ ಬುಕ್ ಮಾಡಿ ಕಾದವರು ಇರ್ತಾರೆ. ಫಿಯೆಟ್ ಪದ್ಮಿನಿಯಲ್ಲಿ ಒಂಬತ್ತು ಜನ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋದವರು ಇರ್ತಾರೆ. ಬಾಡಿಗೆಗೆ ಅಂಬಾಸಿಡರ್ ಓಡಿಸಿ ಮಕ್ಕಳನ್ನ ಓದಿಸಿದವರು ಇರ್ತಾರೆ. ಬರೀರಿ ಅಂದರೆ ಅವರು ಹೇಳೋದು ಒಂದೇ ಮಾತು, ‘ಅಯ್ಯೋ, ಅದರಲ್ಲೇನಿದೆ ಬರೆಯೋಕೆ?’

ಅದರಲ್ಲೇನಿದೆ ಅಂದರೆ, ಆಗ ಚಕ್ಕುಲಿಯಂತಿದ್ದ ಶಿರಾಡಿ ಘಾಟಿ ಇದೆ. ಪೆಟ್ರೋಲಿಗೆ ಎಷ್ಟು ಕೊಟ್ಟರು ಅನ್ನೋದು ಇದೆ. ಗಾಡಿ ಕೊಳ್ಳೋಕೆ ಯಾವ ಒಡವೆ ಅಡ ಇಟ್ಟರು ಅನ್ನೋದು ಇದೆ. ಹಿಂದಿನ ಸೀಟಿನಲ್ಲಿ ಯಾರು ಕೂರ್ತಿದ್ರು, ಯಾರಿಗೆ ಯಾವಾಗಲೂ ಕಿಟಕಿ ಸಿಗ್ತಿರಲಿಲ್ಲ ಅನ್ನೋದು ಇದೆ. ಕಂಪನಿಯ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇದು ಸಿಗಲ್ಲ. ಆ ಕಾರಿನಲ್ಲಿ ಕೂತವರೇ ಹೇಳಬೇಕು.

ನಿಮ್ಮ ಅಪ್ಪನೋ, ಅಜ್ಜನೋ, ಆ ಅಂಬಾಸಿಡರ್ ಓಡಿಸಿದ ಮಾವನೋ ಬರೆಯಲ್ಲ ಅಂದರೆ ನೀವು ಪಕ್ಕದಲ್ಲಿ ಕೂತು ಕೇಳಿ ಬರ್ಕೊಳ್ಳಿ. ಗೆದ್ದದ್ದರ ಜೊತೆ ವಾಂತಿ ಮಾಡಿದ್ದನ್ನೂ ಬರೀರಿ. ತಡ ಮಾಡಬೇಡಿ ಅಷ್ಟೇ. ಹೆಸರು ಹಾಕೋಕೆ ನಾಚಿಕೆಯಾದರೆ ಕೊನೆಯಲ್ಲಿ ಮೂರಕ್ಷರ ಹಾಕಿ, ಸಾಕು.

#ಕಾರಿನಕಥೆ #ಚರಿತ್ರೆ #ಕನ್ನಡ